ಎಣ್ಣೆಯ ಕಮಟು, ಹೃದಯದ ಮುಪ್ಪು

ಹಿರಿಯೂರು ತಾಲ್ಲೂಕಿನ ಧರ್ಮಪುರದ ಸೀಮೆಯನ್ನು ಬಲ್ಲವರಿಗೆ ಶೇಂಗಾದ ವಿಷಯವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಚಿತ್ರದುರ್ಗ ಜಿಲ್ಲೆಯ ಈ ಪೂರ್ವಭಾಗದಲ್ಲಿ ಮಳೆ ಬಹು ಕಡಮೆ. ಮುಂಗಾರಿನ ನಾಲ್ಕು ಹನಿಯನ್ನು ನಂಬಿ ಬೀಜ ಬಿತ್ತುವ ರೈತನಿಗೆ ಮುಂದಿನ ವರ್ಷದ ಬೀಜವನ್ನು ಕಾಪಾಡಿಕೊಳ್ಳುವುದೂ ಬೆಳೆ ತೆಗೆಯುವಷ್ಟೇ ದೊಡ್ಡ ಚಿಂತೆ. ಅನುಭವಸ್ಥರಾದ ರೈತರು ಬಿತ್ತನೆಯ ಶೇಂಗಾವನ್ನು ಸುಲಿದು ಇಡುವುದಿಲ್ಲ. ಸಿಪ್ಪೆಯೊಡನೆಯೇ ಒಣಗಿಸಿ ಕಾಯಿಯಾಗಿಯೇ ಇಟ್ಟು, ಬಿತ್ತನೆ ಹತ್ತಿರ ಬಂದಾಗ ಮಾತ್ರ ಸುಲಿಯುತ್ತಾರೆ. ಕಾರಣವನ್ನು ಕೇಳಿದರೆ, “ಸುಲಿದಿಟ್ಟರೆ ಬೀಜ ಕಮಟು ಹಿಡಿಯುತ್ತದೆ, ಮೊಳೆಯುವುದಿಲ್ಲ” ಎಂದು ಉತ್ತರ ಬರುತ್ತದೆ. ಈ ಚಿಕ್ಕ ಉತ್ತರದಲ್ಲಿ ಅಡಗಿರುವ ರಸಾಯನಶಾಸ್ತ್ರವೇ ಮನುಷ್ಯನ ರಕ್ತನಾಳಗಳ ರೋಗಕ್ಕೂ, ಒಂದು ಮಟ್ಟಿಗೆ ಮುಪ್ಪಿಗೂ ಸಂಬಂಧಿಸಿದುದೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಅದು ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಒಂದು ಸುಲಭವಾದ ಪ್ರಯೋಗ. ಗಾಣದಿಂದ ಆಗತಾನೆ ತಂದ ಶೇಂಗಾ ಎಣ್ಣೆಯನ್ನು ಎರಡು ಗಾಜಿನ ಸೀಸೆಗಳಲ್ಲಿ ತೆಗೆದುಕೊಳ್ಳಿರಿ. ಒಂದನ್ನು ಕಂಠದವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ ಕತ್ತಲೆಯ ಕಪಾಟಿನಲ್ಲಿಡಿರಿ. ಇನ್ನೊಂದರಲ್ಲಿ ಅರ್ಧಕ್ಕಿಂತ ಕಡಮೆ ಎಣ್ಣೆ ಹಾಕಿ ಬಿಸಿಲು ಬೀಳುವ ಕಿಟಕಿಯಲ್ಲಿಡಿರಿ. ಕೆಲವು ದಿನಗಳವರೆಗೆ ಎರಡರ ವಾಸನೆಯಲ್ಲಿಯೂ ಭೇದ ಕಾಣದು. ಅನಂತರ ಕಿಟಕಿಯ ಎಣ್ಣೆ ಇದ್ದಕ್ಕಿದ್ದಂತೆ ಕಮಟಲಾರಂಭಿಸಿ, ಒಮ್ಮೆ ಆರಂಭವಾಯಿತೆಂದರೆ ವೇಗವಾಗಿ ಕೆಡುತ್ತದೆ. ಈ ಆರಂಭದ ಮೌನವನ್ನೂ ಅನಂತರದ ಅವಸರವನ್ನೂ ವಾಚಕರು ನೆನಪಿನಲ್ಲಿಡಬೇಕು.

ಶೇಂಗಾ ಬೀಜದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆಯೇ. ಆ ಎಣ್ಣೆಯಲ್ಲಿ ಲಿನೋಲೀಯಿಕ್ ಎಂಬ ಕೊಬ್ಬಿನಾಮ್ಲ ಗಣನೀಯ ಪ್ರಮಾಣದಲ್ಲಿದೆ. ಇದರ ಉದ್ದನೆಯ ಇಂಗಾಲದ ಸರಪಣಿಯಲ್ಲಿ ಎರಡು ಕಡೆ ಜೋಡಿ ಬಂಧಗಳುಂಟು. ಅವೆರಡರ ನಡುವೆ ಸಿಕ್ಕಿಕೊಂಡ ಇಂಗಾಲದ ಮೇಲಿನ ಜಲಜನಕ ಪರಮಾಣು ಸಡಿಲವಾಗಿ ಅಂಟಿಕೊಂಡಿರುತ್ತದೆ. ಬೆಳಕು, ಶಾಖ, ಅಥವಾ ತಾಮ್ರ ಕಬ್ಬಿಣಗಳ ಸೋಂಕು ಆ ಜಲಜನಕವನ್ನು ಕಿತ್ತುಕೊಳ್ಳಲು ನೆರವಾಗುತ್ತದೆ. ಆಗ ಉಳಿಯುವ ಅಣುವಿನಲ್ಲಿ ಒಂದು ಇಲೆಕ್ಟ್ರಾನ್ ಜೊತೆಯಿಲ್ಲದೆ ಒಂಟಿಯಾಗುತ್ತದೆ. ಇಲೆಕ್ಟ್ರಾನುಗಳಿಗೆ ಜೊತೆಯಾಗಿರುವುದೇ ಸಹಜ. ಒಂಟಿ ಇಲೆಕ್ಟ್ರಾನುಳ್ಳ ಇಂಥ ಅಣುವಿಗೆ ‘ಮುಕ್ತ ರಾಡಿಕಲ್’ ಎಂದು ಹೆಸರು. ಇಂಗಾಲದಲ್ಲಿಯೂ ಇಂಥದೊಂದು ಇರಬಹುದೆಂದು 1900ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾನಿಲಯದ ಗೋಂಬರ್ಗ್ ಎಂಬಾತನು ತೋರಿಸಿದಾಗ ಅನೇಕ ರಸಾಯನಜ್ಞರು ನಂಬಲಿಲ್ಲ.

ಈ ಒಂಟಿ ಅಣು ಗಾಳಿಯ ಆಮ್ಲಜನಕವನ್ನು ಕೂಡಿಕೊಂಡು ಇನ್ನಷ್ಟು ಉಗ್ರವಾಗುತ್ತದೆ. ನೆರೆಯ ಅಣುವಿನಿಂದ ಜಲಜನಕವನ್ನು ಕಸಿದುಕೊಂಡು ತಾನು ಶಾಂತವಾಗುತ್ತದೆ. ಆದರೆ ಕಳೆದುಕೊಂಡ ನೆರೆಯದು ಈಗ ಒಂಟಿ! ಅದು ಮತ್ತೊಂದನ್ನು ಹಿಡಿಯುತ್ತದೆ. ಹೀಗೆ ಒಂದು ಕಿಡಿಯಿಂದ ಹುಲ್ಲಿನ ಬಣವೆ ಉರಿಯುವಂತೆ ಸರಪಣಿಯ ಕ್ರಿಯೆ ಹಬ್ಬುತ್ತದೆ. ಕೊನೆಗೆ ಮುರಿದ ತುಣುಕುಗಳೇ ಕಮಟು ವಾಸನೆಯ ಪದಾರ್ಥಗಳು.

ಹಾಗಾದರೆ ಮೊದಲ ಕೆಲವು ದಿನಗಳ ಮೌನವೇಕೆ? ಎಣ್ಣೆಯಲ್ಲಿ ಸಹಜವಾಗಿಯೇ ‘ಇ’ ಜೀವಸತ್ತ್ವವಿರುತ್ತದೆ. 1922ರಲ್ಲಿ ಇವಾನ್ಸ್ ಮತ್ತು ಬಿಷಪ್ ಇದನ್ನು ಕಂಡುಹಿಡಿದರು. ಅದು ತನ್ನ ಜಲಜನಕವನ್ನು ತಾನಾಗಿಯೇ ಉಗ್ರ ಅಣುವಿಗೆ ಕೊಟ್ಟುಬಿಡುತ್ತದೆ. ಕೊಟ್ಟಮೇಲೆ ತಾನೂ ಒಂಟಿಯಾದರೂ ಸಾಧುಸ್ವಭಾವದ ಒಂಟಿ, ಯಾರ ಮೇಲೂ ಬೀಳುವುದಿಲ್ಲ. ಸರಪಣಿ ಅಲ್ಲಿಗೇ ತುಂಡಾಗುತ್ತದೆ. ಇಂಥ ಪದಾರ್ಥಗಳನ್ನು ಉತ್ಕರ್ಷಣರೋಧಕಗಳೆನ್ನುತ್ತಾರೆ. ಅವು ಇರುವಷ್ಟು ದಿನ ಎಣ್ಣೆ ಕೆಡುವುದು ನಿಧಾನ. ಅವು ಮುಗಿದ ದಿನ ಕಮಟು. ಕಾಯಿಯ ಸಿಪ್ಪೆ ಬೀಜವನ್ನು ಬೆಳಕು, ಪೆಟ್ಟುಗಳಿಂದ ಕಾಪಾಡುತ್ತದೆ. ಬೀಜದ ಕೆಂಪು ಹೊಟ್ಟಿನಲ್ಲಿಯೂ ಉತ್ಕರ್ಷಣರೋಧಕಗಳುಂಟು. ರೈತರ ರೂಢಿಯ ಅರ್ಥ ಈಗ ತಿಳಿಯಿತಷ್ಟೆ.

ನಮ್ಮ ದೇಹಕ್ಕೆ ಬರೋಣ. ಜೀವಕೋಶವೂ ಕೊಬ್ಬಿನ ಪೊರೆಗಳಿಂದಾದುದು. ಉಸಿರಾಟಕ್ಕೆ ಆಮ್ಲಜನಕ ಬೇಕೇ ಬೇಕು. ಕೋಶದ ಮೈಟೊಕಾಂಡ್ರಿಯಗಳಲ್ಲಿ ಆಹಾರದಿಂದ ಶಕ್ತಿಯನ್ನು ತೆಗೆಯುವಾಗ ಕೆಲವು ಇಲೆಕ್ಟ್ರಾನುಗಳು ಸೋರಿ ಆಮ್ಲಜನಕಕ್ಕಂಟಿ ಸೂಪರಾಕ್ಸೈಡ್ ಎಂಬ ರಾಡಿಕಲ್ ಆಗುತ್ತದೆ. 1969ರಲ್ಲಿ ಮೆಕ್‌ಕಾರ್ಡ್ ಮತ್ತು ಫ್ರಿಡೊವಿಚ್ ಎಂಬ ವಿಜ್ಞಾನಿಗಳು, ಈ ಸೂಪರಾಕ್ಸೈಡನ್ನು ಅಡಗಿಸುವುದೇ ಕೆಲಸವಾಗಿರುವ ಒಂದು ಕಿಣ್ವ ದೇಹದಲ್ಲಿದೆಯೆಂದು ತೋರಿಸಿದರು. ಅಂದರೆ ಶತ್ರು ಹಳಬ, ಕಾವಲುಗಾರನೂ ಹಳಬ. ಇನ್ನೊಂದು ಸಂಗತಿಯನ್ನೂ ಮರೆಯಬಾರದು: ರೋಗಾಣುಗಳನ್ನು ನುಂಗಿದ ಬಿಳಿಯ ರಕ್ತಕಣಗಳು ಅವನ್ನು ಕೊಲ್ಲಲು ಬೇಕೆಂದೇ ಸೂಪರಾಕ್ಸೈಡನ್ನು ತಯಾರಿಸುತ್ತವೆ. ಈ ಶಕ್ತಿಯಿಲ್ಲದೆ ಹುಟ್ಟಿದ ಮಕ್ಕಳು ಮತ್ತೆ ಮತ್ತೆ ಸೋಂಕಿಗೆ ಗುರಿಯಾಗುತ್ತಾರೆ. ಮುಕ್ತ ರಾಡಿಕಲ್ ಎಂದೊಡನೆ ವಿಷವೆಂದು ತಿಳಿಯುವವರು ಇದನ್ನು ಗಮನಿಸಬೇಕು.

ಹೃದಯದ ವಿಷಯದಲ್ಲಿ ಕತೆ ಇನ್ನೂ ಸ್ಪಷ್ಟ. ರಕ್ತದಲ್ಲಿ ಕೊಲೆಸ್ಟರಾಲನ್ನು ಸಾಗಿಸುವ ‘ಎಲ್‌ಡಿಎಲ್’ ಎಂಬ ಕಣಗಳು ಅಪಧಮನಿಯ ಗೋಡೆಯೊಳಗೆ ನುಸುಳಿ ಅಲ್ಲಿ ತಂಗಿದಾಗ, ಅವುಗಳ ಕೊಬ್ಬು ನಮ್ಮ ಕಿಟಕಿಯ ಎಣ್ಣೆಯಂತೆಯೇ ಉತ್ಕರ್ಷಣಕ್ಕೊಳಗಾಗುತ್ತದೆ. ಕಮಟು ಹಿಡಿದ ಈ ಕಣಗಳನ್ನು ಬಿಳಿಯ ರಕ್ತಕಣಗಳ ಜಾತಿಯ ಕೋಶಗಳು ಅಳತೆಮೀರಿ ನುಂಗಿ, ಕೊಬ್ಬಿನಿಂದ ಉಬ್ಬಿ, ಅಲ್ಲಿಯೇ ಗುಂಪುಗೂಡುತ್ತವೆ. ನಾಳದೊಳಗಿನ ಗಡ್ಡೆಗೆ ಇದೇ ಮೊದಲ ಹಂತ. ಇಷ್ಟಲ್ಲದೆ ನಾಳವನ್ನು ಸಡಿಲಗೊಳಿಸುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಸೂಪರಾಕ್ಸೈಡ್ ನಾಶಮಾಡುತ್ತದೆ. ಬೀಡಿ ಸಿಗರೇಟುಗಳ ಹೊಗೆಯೇ ರಾಡಿಕಲ್‌ಗಳ ಮೂಟೆ.

ಮುಪ್ಪಿಗೂ ಇದೇ ಕಾರಣವೆಂದು 1956ರಲ್ಲಿ ಪ್ರಕಟಿಸಿದವರು ಡೆನ್‌ಹ್ಯಾಮ್ ಹಾರ್ಮನ್. ಮೊದಲು ಅವರು ಎಣ್ಣೆಯ ಕಂಪೆನಿಯೊಂದರ ರಸಾಯನಜ್ಞರಾಗಿದ್ದುದು ಆಕಸ್ಮಿಕವಲ್ಲವೆಂದು ನಮಗೆ ತೋರುತ್ತದೆ. ಉಸಿರಾಟದಿಂದಲೇ ಹುಟ್ಟುವ ರಾಡಿಕಲ್‌ಗಳು ವರ್ಷಗಟ್ಟಲೆ ಕೋಶಗಳನ್ನು ಕೆಡಿಸುವುದೇ ಮುಪ್ಪು ಎಂಬುದು ಅವರ ವಾದ. ಹಾರ್ಮನ್ 2014ರಲ್ಲಿ 98ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈ ವಾದದಿಂದ ಒಂದು ಮಹತ್ತರವಾದ ಆಸೆ ಹುಟ್ಟಿತು: ಉತ್ಕರ್ಷಣರೋಧಕವನ್ನು ಗುಳಿಗೆಯಾಗಿ ನುಂಗಿದರೆ ಹೃದಯಾಘಾತವೂ ಮುಪ್ಪೂ ದೂರ ನಿಲ್ಲಬೇಕಲ್ಲವೆ? ನಮ್ಮ ಬಂಧುಗಳಾದ ವೃದ್ಧರೊಬ್ಬರು ಪ್ರತಿದಿನವೂ ‘ಇ’ ಜೀವಸತ್ತ್ವದ ಗುಳಿಗೆಯನ್ನು ದೇವರ ತೀರ್ಥದಂತೆ ಸೇವಿಸುತ್ತಿದ್ದರು. ಅದರ ಬೆಲೆಯಲ್ಲಿ ತಿಂಗಳಿನ ಹಣ್ಣು ಬರುತ್ತಿತ್ತೆಂದು ಮನೆಯವರು ಗೊಣಗುತ್ತಿದ್ದರು; ಅವರ ಗೊಣಗಾಟದಲ್ಲಿ ನ್ಯಾಯವಿತ್ತೆಂದು ಈಗ ನಾವು ಒಪ್ಪಬೇಕಾಗಿದೆ.

ಏಕೆಂದರೆ ಪರೀಕ್ಷೆಗಳು ಆ ಆಸೆಯನ್ನು ಪೂರೈಸಲಿಲ್ಲ. ಫಿನ್ಲೆಂಡಿನಲ್ಲಿ 29,133 ಮಂದಿ ಧೂಮಪಾನಿ ಪುರುಷರ ಮೇಲೆ ನಡೆಸಿ 1994ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಗಜ್ಜರಿಯ ಬಣ್ಣವಾದ ಬೀಟಾ ಕ್ಯಾರೊಟೀನನ್ನು ಗುಳಿಗೆಯಾಗಿ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರು ಕಡಮೆಯಾಗುವುದಿರಲಿ, ಶೇಕಡ 18ರಷ್ಟು ಹೆಚ್ಚಿತು. ಹೃದ್ರೋಗದ ಅಪಾಯವುಳ್ಳವರಿಗೆ ‘ಇ’ ಜೀವಸತ್ತ್ವ ಕೊಟ್ಟು ನೋಡಿದ, 2000ದಲ್ಲಿ ಪ್ರಕಟವಾದ ‘ಹೋಪ್’ ಪರೀಕ್ಷೆಯಲ್ಲಿ ಯಾವ ಪ್ರಯೋಜನವೂ ಕಾಣಲಿಲ್ಲ. ಬ್ರಿಟನ್ನಿನಲ್ಲಿ 20,536 ಜನರ ಮೇಲೆ ನಡೆದ ಇನ್ನೊಂದು ಪರೀಕ್ಷೆಯೂ 2002ರಲ್ಲಿ ಅದನ್ನೇ ಹೇಳಿತು. ಮುಪ್ಪಿನ ವಾದಕ್ಕೂ ಪೆಟ್ಟು ಬಿದ್ದಿತು: ಆಫ್ರಿಕದ ರೋಮವಿಲ್ಲದ ಬಿಲದ ಇಲಿಯ ದೇಹದಲ್ಲಿ ಉತ್ಕರ್ಷಣದ ಹಾನಿ ಹೆಚ್ಚಾಗಿದ್ದರೂ ಅದು ಸುಮಾರು 30 ವರ್ಷ ಬದುಕಬಲ್ಲುದು, ಸಾಮಾನ್ಯ ಚಿಟ್ಟಿಲಿಗೆ ಮೂರು ನಾಲ್ಕು ವರ್ಷವೇ ಹೆಚ್ಚು.

ಹೀಗೇಕಾಯಿತು? ಸೀಸೆಯ ಎಣ್ಣೆಗೆ ಜೀವವಿಲ್ಲ; ದೇಹಕ್ಕಿದೆ. ಎಣ್ಣೆಯಲ್ಲಿ ರಾಡಿಕಲ್ ಕೇವಲ ಕೆಡುಕ. ದೇಹದಲ್ಲಿ ಅದು ಕೋಶಕ್ಕೆ ಸೂಚನೆ ಮುಟ್ಟಿಸುವ ದೂತನೂ ಹೌದು. ವ್ಯಾಯಾಮ ಮಾಡಿದಾಗ ರಾಡಿಕಲ್‌ಗಳು ಹೆಚ್ಚುತ್ತವೆ. ಅದಕ್ಕೆ ಉತ್ತರವಾಗಿ ದೇಹ ತನ್ನ ಕಾವಲನ್ನು ಬಲಪಡಿಸಿಕೊಳ್ಳುತ್ತದೆ. 2009ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ, ವ್ಯಾಯಾಮದೊಡನೆ ‘ಸಿ’ ಮತ್ತು ‘ಇ’ ಜೀವಸತ್ತ್ವಗಳ ಗುಳಿಗೆಗಳನ್ನು ನುಂಗಿದ ತರುಣರಿಗೆ ಇನ್ಸುಲಿನ್ನಿನ ವಿಷಯದಲ್ಲಿ ವ್ಯಾಯಾಮದ ಲಾಭ ದಕ್ಕಲಿಲ್ಲ. ದೂತನ ಬಾಯಿ ಕಟ್ಟಿದಂತಾಯಿತು.

ಗುಳಿಗೆಯ ಮಾತು ಹೀಗಾದರೂ ಆಹಾರದ ಮಾತು ಬೇರೆ. ಅಮೆರಿಕದ ದಕ್ಷಿಣಭಾಗದ ಬಡಜನರನ್ನೂ ಶಾಂಘಾಯಿಯ ನಿವಾಸಿಗಳನ್ನೂ ಸೇರಿಸಿ ಎರಡು ಲಕ್ಷಕ್ಕೂ ಮಿಕ್ಕವರನ್ನು ವರ್ಷಗಟ್ಟಲೆ ಗಮನಿಸಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇಂಗಾ ಮತ್ತು ಅಂಥ ಬೀಜಗಳನ್ನು ಹೆಚ್ಚಾಗಿ ತಿನ್ನುವವರಲ್ಲಿ ಹೃದ್ರೋಗದ ಸಾವು ಕಡಮೆಯಿತ್ತು. ಇದು ಪರೀಕ್ಷೆಯಲ್ಲ, ಗಮನಿಕೆ ಮಾತ್ರ. ಶೇಂಗಾವೇ ಕಾರಣವೆಂದು ಇದರಿಂದ ಸಿದ್ಧವಾಗದು. ಆದರೂ ಬೀಜದಲ್ಲಿ ‘ಇ’ ಜೀವಸತ್ತ್ವದೊಡನೆ ನಾರು, ಒಳ್ಳೆಯ ಕೊಬ್ಬು, ಮೆಗ್ನೀಸಿಯಮ್ ಎಲ್ಲವೂ ಇರುವುದರಿಂದ ಈ ಫಲ ಅಸಂಭವವೇನಲ್ಲ. ಬೂಷ್ಟು ಹಿಡಿದ ಶೇಂಗಾದ ವಿಷ ಮಾತ್ರ ಬೇರೆಯದು. ಅದು ಯಕೃತ್ತಿಗೆ ಹಾನಿಕರ, ಅದನ್ನು ಎಸೆಯಲೇಬೇಕು.

ಅಡುಗೆಮನೆಯಲ್ಲಿ ಹೆಚ್ಚು ಗಮನಿಸಬೇಕಾದುದು ಬೋಂಡದ ಬಾಣಲೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಲ್ಲಿ ರೋಧಕಗಳೆಲ್ಲ ಮುಗಿದು, ಮುರಿದ ಅಣುಗಳು ಸೇರುತ್ತಾ ಹೋಗುತ್ತವೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2018ರ ಜುಲೈ 1ರಿಂದ, ಇಂಥ ಪದಾರ್ಥಗಳು ಶೇಕಡ 25ನ್ನು ಮೀರಿದ ಎಣ್ಣೆಯನ್ನು ಬಳಸಕೂಡದೆಂದು ವಿಧಿಸಿತು. ಅಳೆಯುವ ಉಪಕರಣ ಮನೆಗಳಲ್ಲಿಲ್ಲ. ಕಪ್ಪಾದ, ಅಂಟಂಟಾದ, ಬೇಗ ಹೊಗೆಯಾಡುವ ಎಣ್ಣೆಯನ್ನು ಚೆಲ್ಲುವುದೇ ಗೃಹಿಣಿಯ ಅಳತೆ.

ಇನ್ನು ಬಿತ್ತನೆಯ ಬೀಜ. ಅದರ ಕೋಶಗಳ ಪೊರೆಯೂ ಹೀಗೆಯೇ ಕೆಟ್ಟು, ನೀರು ತಾಗಿದಾಗ ಒಳಗಿನ ಸಾರವನ್ನು ಹಿಡಿದಿಡಲಾರದೆ ಸೋರಿಸಿಬಿಡುತ್ತದೆ. ಹಳೆಯ ಬೀಜ ಮೊಳೆಯದಿರುವುದಕ್ಕೆ ಇದೊಂದು ಕಾರಣ. ಆದುದರಿಂದಲೇ ಧರ್ಮಪುರದ ಸೀಮೆಯಲ್ಲಿ ಮಳೆಯ ಮೋಡ ಕಂಡಮೇಲೆಯೇ ಜಗಲಿಯಲ್ಲಿ ಕಾಯಿ ಸುಲಿಯುವ ಸದ್ದು ಕೇಳಿಸುವುದು.