ಒಂದು ಧಾತು, ಹಲವು ಮಾತು



ವಿದ್ಯಾರ್ಥಿವೇತನಕ್ಕೆ ಅರ್ಜಿ ಬರೆಯುತ್ತೀರಿ. ತಹಸೀಲ್ದಾರರ ಸಹಿಗೆ ಕಾಯುತ್ತೀರಿ. ಶಾಲೆಯಿಂದ ಹಾಜರಾತಿ ಪತ್ರ ತರುತ್ತೀರಿ, ದಾಖಲೆ ಜೋಡಿಸುತ್ತೀರಿ. ಅರ್ಜಿ, ತಹಸೀಲು, ಹಾಜರಿ, ದಾಖಲೆ, ಇವೆಲ್ಲವೂ ಅರಬ್ಬಿಯಲ್ಲಿ ಹುಟ್ಟಿ, ಫಾರಸಿಯ ದಾರಿಯಿಂದ ಬಂದು, ಕನ್ನಡವೇ ಆಗಿಹೋದ ಮಾತುಗಳು. ಮನೆಯಲ್ಲಿ ಉರ್ದು ಇರಲಿ, ಬ್ಯಾರಿ ಇರಲಿ, ಕನ್ನಡ ಇರಲಿ, ಇವು ಎಲ್ಲರಿಗೂ ಗೊತ್ತು. ಈ ಪಾಠದಲ್ಲಿ ಒಂದೇ ಒಂದು ಅರಬ್ಬಿ ಧಾತುವನ್ನು ಹಿಡಿದು ನೋಡೋಣ.

ಧಾತು ಎಂದರೇನು?

ಕನ್ನಡ ವ್ಯಾಕರಣದಲ್ಲಿ ‘ಮಾಡು’ ಒಂದು ಧಾತು. ಅದರಿಂದ ಮಾಡಿದ, ಮಾಡುವವನು, ಮಾಟ ಮುಂತಾದ ರೂಪಗಳು ಹೊರಡುತ್ತವೆ. ಕನ್ನಡದಲ್ಲಿ ಪ್ರತ್ಯಯ ಸಾಮಾನ್ಯವಾಗಿ ಕೊನೆಗೆ ಸೇರುತ್ತದೆ. ಅರಬ್ಬಿಯಲ್ಲಿ ಹೆಚ್ಚಿನ ಧಾತುಗಳು ಮೂರು ವ್ಯಂಜನಗಳವು. ಆ ಮೂರೂ ಕದಲದೆ ನಿಲ್ಲುತ್ತವೆ, ನಡುವೆ ಸ್ವರಗಳು ಬದಲಾಗಿ ಹೊಸ ಪದ ಆಗುತ್ತದೆ.

ನಮ್ಮ ಧಾತು ಐನ್–ಮೀಮ್–ಲಾಮ್. ಅರ್ಥ: ಕೆಲಸ ಮಾಡು. ಮೊದಲ ಅಕ್ಷರದ ನಂತರ ದೀರ್ಘ ‘ಆ’ ಬಂದರೆ ಮಾಡುವವನು: ಆಮಿಲ್. ಮುಂದೆ ‘ಮ’, ಒಳಗೆ ‘ಊ’ ಬಂದರೆ ಮಾಡಲ್ಪಟ್ಟದ್ದು: ಮಅಮೂಲ್. ತಾಲಿಬ್ ಎಂದರೆ ಹುಡುಕುವವನು, ಮತ್ಲೂಬ್ ಎಂದರೆ ಹುಡುಕಲ್ಪಟ್ಟದ್ದು. ಅಚ್ಚು ಒಂದೇ, ಎರಕ ಬೇರೆ.

ಅಮಲ್

ಅಮಲ್ ಎಂದರೆ ಕೆಲಸ, ಆಚರಣೆ. ಬಹುವಚನ ಅಅಮಾಲ್. ಸಹೀಹ್ ಬುಖಾರಿಯ ಮೊದಲ ಹದೀಸು ಈ ಬಹುವಚನವನ್ನು ನಿಯ್ಯತ್ತಿನೊಂದಿಗೆ, ಅಂದರೆ ಮನಸ್ಸಿನ ಉದ್ದೇಶದೊಂದಿಗೆ, ಜೋಡಿಸುತ್ತದೆ. ಗಲ್ಫ್‌ಗೆ ಹೋದವರ ಉದ್ಯೋಗ ಒಪ್ಪಂದದಲ್ಲಿ ‘ಅಕ್ದುಲ್ ಅಮಲ್’ ಎಂದಿರುವುದೂ ಇದೇ ಪದ. ಇಂದಿನ ಅರಬ್ಬಿಯಲ್ಲಿ ಉಮ್ಮಾಲ್ ಎಂದರೆ ಕಾರ್ಮಿಕರು, ಮಅಮಲ್ ಎಂದರೆ ಪ್ರಯೋಗಾಲಯ. ನಮ್ಮ ಮನೆಗಳ ‘ಇಸ್ತೆಮಾಲ್’, ಅಂದರೆ ಬಳಕೆ, ಇದೇ ಧಾತುವಿನದು.

ಆಮಿಲ್, ಅಮಲ್ದಾರ್, ಮಾಮಲೇದಾರ್

ಸೂರಾ ತೌಬಾದ 60ನೇ ಆಯತ್ತು ಝಕಾತಿಗೆ ಅರ್ಹರಾದ ಎಂಟು ವರ್ಗಗಳನ್ನು ಹೇಳುತ್ತದೆ. ಮೂರನೆಯದು ಆಮಿಲೀನ್, ಅಂದರೆ ಝಕಾತ್ ಸಂಗ್ರಹಿಸಿ ಹಂಚುವ ಕೆಲಸ ಮಾಡುವವರು. ಮುಂದೆ ತೆರಿಗೆ ಎತ್ತುವ ಅಧಿಕಾರಿಗೂ ಆಮಿಲ್ ಎಂಬ ಹೆಸರಾಯಿತು. ‘ಹೊಂದಿದವನು’ ಎಂಬರ್ಥದ ಫಾರಸಿಯ ‘ದಾರ್’ ಅಮಲ್ ಪದಕ್ಕೆ ಸೇರಿ ಅಮಲ್ದಾರ್ ಆಯಿತು.

ಹೈದರಾಲಿ 1763ರಲ್ಲಿ ಬಿದನೂರನ್ನು ಗೆದ್ದು ಹೈದರನಗರ ಎಂದು ಹೆಸರಿಟ್ಟ. ಅದೇ ಇಂದಿನ ಹೊಸನಗರ ತಾಲ್ಲೂಕಿನ ನಗರ. ಆ ಕಾಲದ ಆಡಳಿತದಲ್ಲಿ ಫಾರಸಿಯ ಬಳಕೆ ಹೆಚ್ಚು. ರಾಜ್ಯ ಬದಲಾದರೂ ಕಚೇರಿಯ ಮಾತು ಉಳಿಯಿತು. ಮೈಸೂರು ಸಂಸ್ಥಾನದಲ್ಲಿ ತಾಲ್ಲೂಕಿನ ಮುಖ್ಯ ಅಧಿಕಾರಿ ಅಮಲ್ದಾರ್. ಸಾಗರ, ತೀರ್ಥಹಳ್ಳಿಯ ಹಿರಿಯರ ಬಾಯಲ್ಲಿದ್ದ ಮಾತು ಅದೇ.

ಸಾಗರದ ಗಡಿ ದಾಟಿ ಸಿದ್ದಾಪುರಕ್ಕೆ ಹೋದರೆ ಅದೇ ಹುದ್ದೆಗೆ ಮಾಮಲೇದಾರ್ ಎನ್ನುತ್ತಿದ್ದರು. ಉತ್ತರ ಕನ್ನಡ 1862ರಿಂದ ಮುಂಬಯಿ ಪ್ರಾಂತ್ಯದಲ್ಲಿತ್ತಲ್ಲ, ಆ ಕಾರಣ. ಮಾಮಲೆಯ ಮೂಲ ‘ಮುಆಮಲ’, ಅಂದರೆ ಇಬ್ಬರ ನಡುವಿನ ವ್ಯವಹಾರ. ಕೊಡುಕೊಳ್ಳುವ ವಿಷಯಕ್ಕೆ ಶರೀಅತ್ತಿನಲ್ಲಿ ಮುಆಮಲಾತ್ ಎಂದು ಹೆಸರು. ಹೀಗೆ ಗಡಿಯ ಆಚೆ ಒಂದು ಹೆಸರು, ಈಚೆ ಒಂದು ಹೆಸರು, ಧಾತು ಮಾತ್ರ ಒಂದೇ. 1956ರ ಏಕೀಕರಣದಿಂದ ಎರಡೂ ಕಡೆಯವರು ಒಂದೇ ರಾಜ್ಯಕ್ಕೆ ಸೇರಿದರು. 1964ರ ಭೂಕಂದಾಯ ಕಾಯ್ದೆಯಲ್ಲಿ ಇರುವ ಹೆಸರು ತಹಸೀಲ್ದಾರ್. ಅದು ಬೇರೆ ಧಾತು.

ಮಾಮೂಲು

ಐನ್ ಎಂಬ ಗಂಟಲಿನ ಅಕ್ಷರ ಕನ್ನಡದಲ್ಲಿ ಇಲ್ಲ. ಆದ್ದರಿಂದ ‘ಮಅಮೂಲ್’ ನಮ್ಮಲ್ಲಿ ‘ಮಾಮೂಲು’ ಆಯಿತು. ಮೊದಲ ಅರ್ಥ: ಮಾಡಲ್ಪಟ್ಟದ್ದು. ನಂತರ: ಎಂದಿನಂತೆ ಮಾಡುತ್ತಾ ಬಂದದ್ದು, ರೂಢಿ. ‘ಮಳೆಗಾಲದಲ್ಲಿ ಕರೆಂಟು ಹೋಗುವುದು ಮಾಮೂಲು’ ಎನ್ನುತ್ತೇವೆ. ಆಮೇಲೆ ಬಂದ ಅರ್ಥ ಎಲ್ಲರಿಗೂ ಗೊತ್ತು: ಲಂಚ. ತಪ್ಪು ದಿನವೂ ನಡೆದರೆ ರೂಢಿಯ ಹೆಸರು ಪಡೆಯುತ್ತದೆ. ರೂಢಿಯ ಹೆಸರು ಬಂದ ಮೇಲೆ ಕೇಳುವವನಿಗೂ ನಾಚಿಕೆ ಇಲ್ಲ, ಕೊಡುವವನಿಗೂ ನಾಚಿಕೆ ಇಲ್ಲ. ಮಕ್ಕಳೇ, ಶುಲ್ಕಕ್ಕೆ ರಸೀದಿ ಇರುತ್ತದೆ, ಮಾಮೂಲಿಗೆ ರಸೀದಿ ಇರುವುದಿಲ್ಲ. ಪ್ರಮಾಣಪತ್ರಕ್ಕೆ ಹೋದಾಗ ರಸೀದಿ ಕೇಳಿ ಪಡೆಯಿರಿ. ಇನ್ನೊಬ್ಬರ ದುಡ್ಡನ್ನು ಅರ್ಹರಿಗೆ ತಲುಪಿಸುವವನನ್ನು ಆಮಿಲ್ ಎಂದ ಧಾತುವೇ ಇಲ್ಲಿ ಲಂಚದ ಹೆಸರಾಗಿದೆ. ಇದು ಧಾತುವಿನ ದೋಷವಲ್ಲ, ಬಳಸಿದವರದು.

ಅಮಲು

ಕನ್ನಡದ ‘ಅಮಲು’ ಎಂಬುದಕ್ಕೆ ಎರಡು ಅರ್ಥ. ಒಂದು ಆಡಳಿತ, ಜಾರಿ: ‘ಹೊಸ ನಿಯಮ ಅಮಲಿಗೆ ಬಂತು.’ ಇನ್ನೊಂದು ಮತ್ತು. ಹೊಟ್ಟೆಗೆ ಹೋದ ಪದಾರ್ಥ ದೇಹದಲ್ಲಿ ತನ್ನ ಕೆಲಸ ಮಾಡುವುದೇ ಅಮಲು. ‘ಅಧಿಕಾರದ ಅಮಲು’ ಎನ್ನುವಾಗ ಎರಡೂ ಅರ್ಥ ಒಟ್ಟಿಗೆ ಕೂತಿವೆ. ಉರ್ದುವಿನಲ್ಲಿ ಮಂತ್ರತಂತ್ರಕ್ಕೂ ಅಮಲ್ ಎನ್ನುತ್ತಾರೆ, ಮಾಡುವವನು ಆಮಿಲ್. ಕನ್ನಡದ ‘ಮಾಡು’ವಿನಿಂದ ‘ಮಾಟ’ ಬಂದಂತೆಯೇ ಇದು.

ಮೋಸ ಹೋಗಬೇಡಿ

ಕನ್ನಡ ಲಿಪಿಯಲ್ಲಿ ಒಂದೇ ತೆರನಾಗಿ ಕಾಣುವ ಬೇರೆ ಪದಗಳಿವೆ. ಹೆಣ್ಣುಮಕ್ಕಳಿಗೆ ಇಡುವ ‘ಅಮಲ್’ ಎಂಬ ಹೆಸರು ಐನ್‌ನಿಂದಲ್ಲ, ಅಲಿಫ್‌ನಿಂದ ಆರಂಭ. ಅರ್ಥ: ಭರವಸೆ. ಸಂಸ್ಕೃತದ ‘ಅಮಲ’ ಎಂದರೆ ಮಲವಿಲ್ಲದ್ದು, ನಿರ್ಮಲ.

ಇಲ್ಮ್ ಮತ್ತು ಅಮಲ್

ಜ್ಞಾನಕ್ಕೆ ಇಲ್ಮ್ ಎನ್ನುತ್ತೇವೆ. ಅದರ ಅಕ್ಷರಗಳು ಐನ್–ಲಾಮ್–ಮೀಮ್. ಅಮಲಿನ ಅಕ್ಷರಗಳು ಐನ್–ಮೀಮ್–ಲಾಮ್. ಅವೇ ಮೂರು ಅಕ್ಷರ, ಎರಡು ಮಾತ್ರ ಸ್ಥಳ ಬದಲಿಸಿವೆ. ವ್ಯಾಕರಣದಲ್ಲಿ ಇವು ಬೇರೆ ಬೇರೆ ಧಾತುಗಳು. ಆದರೂ ನಮ್ಮ ಉಲಮಾಗಳು ಇವೆರಡನ್ನು ಜೋಡಿಯಾಗಿಯೇ ಹೇಳುತ್ತಾ ಬಂದಿದ್ದಾರೆ. ವಿದ್ಯಾರ್ಥಿವೇತನದಿಂದ ನಿಮಗೆ ಇಲ್ಮಿಗೆ ನೆರವಾಗಬಹುದು. ಅಮಲ್ ನೀವೇ ಮಾಡಬೇಕು. ನಾಳೆ ನಿಮ್ಮಲ್ಲಿ ಯಾರಾದರೂ ಕಚೇರಿಯ ಮೇಜಿನ ಆ ಬದಿಯಲ್ಲಿ ಕೂತಾಗ, ಅರ್ಜಿ ಹಿಡಿದು ಬಂದ ಹುಡುಗಿಯಿಂದ ಮಾಮೂಲು ಕೇಳದೆ ಸಹಿ ಹಾಕಿದರೆ ಈ ಪಾಠ ಕಲಿತಂತೆ.

ಅಭ್ಯಾಸ

1. ಮಹಸೂಲು, ಮಜಕೂರು: ಇವು ‘ಮಾಮೂಲು’ವಿನ ಅಚ್ಚಿನಲ್ಲೇ ಇವೆ. ಮೂರು ಮೂಲಾಕ್ಷರ ಗುರುತಿಸಿ.
2. ದಾಖಲೆ, ದಾಖಲಾತಿ: ಧಾತುವಿನ ಅರ್ಥ ‘ಒಳಗೆ ಹೋಗು’. ಶಾಲೆಗೆ ಸೇರುವುದಕ್ಕೂ ಕಾಗದಪತ್ರಕ್ಕೂ ಒಂದೇ ಮಾತು ಏಕೆ ಬಂತು?
3. ಮನೆಯಲ್ಲಿರುವ ಹಳೆಯ ಜಮೀನು ಪತ್ರವನ್ನು ಅಜ್ಜ, ಅಜ್ಜಿಯ ಜೊತೆ ಕೂತು ಓದಿ. ಅರಬ್ಬಿ ಮೂಲದ ಹತ್ತು ಪದಗಳನ್ನು ಪಟ್ಟಿ ಮಾಡಿ.