ದಿನವೂ ತೊಡುವ ಹರಳಿನ ಬೆಳ್ಳಿ ಉಂಗುರ

ಪ್ರಶ್ನೆ: ಮಗಳಿಗೆ ಒಂದು ಹರಳಿನ ಬೆಳ್ಳಿ ಉಂಗುರ ಮಾಡಿಸಬೇಕು ಅಂತಿದ್ದೇನೆ. ಅವಳು ತೋಟ ನೋಡಿಕೊಳ್ಳುತ್ತಾಳೆ, ಉಂಗುರ ದಿನವೂ ಕೈಯಲ್ಲಿರುತ್ತದೆ. ಅಂಗಡಿಯವರು ‘925 ಬೆಳ್ಳಿ’ ಅನ್ನುತ್ತಾರೆ, ಹಾಗೆಂದರೇನು? ಯಾವ ಹರಳು ಬಾಳಿಕೆ ಬರುತ್ತದೆ? ಪರಿಚಯದವರೊಬ್ಬರು ಸುಬ್ರಹ್ಮಣ್ಯದ ಕಡೆಯ ಕೆಂಪು ಹರಳು ಅಗ್ಗಕ್ಕೆ ಕೊಡಿಸುತ್ತೇನೆ ಅನ್ನುತ್ತಿದ್ದಾರೆ, ಅದು ಮಾಣಿಕ್ಯವೇ? ಇನ್ನೊಂದು ಮಾತು: ನಮ್ಮ ಅತ್ತೆಯವರ ಮುತ್ತಿನ ಬೆಳ್ಳಿ ಉಂಗುರ ಈ ಮಳೆಗಾಲದಲ್ಲಿ ಪೂರ್ತಿ ಕಪ್ಪಾಗಿದೆ. ಹುಣಸೆಹಣ್ಣು ಹಾಕಿ ತಿಕ್ಕಬಹುದೇ?
— ಓದುಗರು, ಮಗ್ಗೆ (ಆಲೂರು ತಾಲ್ಲೂಕು)

ಕೊನೆಯ ಪ್ರಶ್ನೆಗೇ ಮೊದಲು ಉತ್ತರ ಹೇಳುತ್ತೇನೆ, ತಡವಾದರೆ ಮುತ್ತು ಹಾಳಾದೀತು. ದಯವಿಟ್ಟು ತಿಕ್ಕಬೇಡಿ. ಮುತ್ತು ಮತ್ತು ಹವಳ ಎರಡೂ ಮುಖ್ಯವಾಗಿ ಸುಣ್ಣದ ಅಂಶದಿಂದಾದವು. ಹುಣಸೆ, ನಿಂಬೆ, ವಿನಿಗರ್ ಯಾವ ಹುಳಿ ತಾಗಿದರೂ ಮೇಲ್ಪದರ ಕರಗುತ್ತದೆ. ಒಮ್ಮೆ ಮಂಕಾದ ಮುತ್ತಿಗೆ ಹೊಳಪು ವಾಪಸು ಬರುವುದಿಲ್ಲ. ಹುಣಸೆಹಣ್ಣು ಹಿತ್ತಾಳೆ, ತಾಮ್ರದ ಪಾತ್ರೆಗಳಿಗೆ ಸರಿ. ಬೆಳ್ಳಿಯ ಕಪ್ಪಿನ ಮೇಲೆ ಅದರ ಆಟ ಅಷ್ಟಾಗಿ ನಡೆಯುವುದೂ ಇಲ್ಲ, ಕಪ್ಪು ಹೋಗುವುದು ನೀವು ತಿಕ್ಕುವ ಬಲಕ್ಕೆ. ಅತ್ತೆಯವರ ಉಂಗುರಕ್ಕೆ ಹೀಗೆ ಮಾಡಿ: ಹಳೆಯ ಮೆತ್ತನೆಯ ಹತ್ತಿ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬೆಳ್ಳಿಯನ್ನಷ್ಟೇ ನಿಧಾನಕ್ಕೆ ಒರೆಸಿ. ಬೇರೆ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಮುತ್ತನ್ನು ಒಮ್ಮೆ ಸವರಿದರೆ ಸಾಕು. ನೀರಿನಲ್ಲಿ ನೆನೆಹಾಕಬೇಡಿ. ಉಂಗುರದ ಮುತ್ತು ಸಾಮಾನ್ಯವಾಗಿ ಒಂದು ಸಣ್ಣ ಕಡ್ಡಿಯ ಮೇಲೆ ಅಂಟಿನಿಂದ ನಿಂತಿರುತ್ತದೆ, ನೆನೆದರೆ ಕಳಚಿಕೊಳ್ಳುತ್ತದೆ.

ಇನ್ನು 925. ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ, ಉಳಿದ 75 ಭಾಗ ಸಾಮಾನ್ಯವಾಗಿ ತಾಮ್ರ ಎಂದು ಅರ್ಥ. ಇದನ್ನೇ ಸ್ಟರ್ಲಿಂಗ್ ಬೆಳ್ಳಿ ಅನ್ನುವುದು. ತಾಮ್ರ ಬೆರೆಸುವುದು ಮೋಸಕ್ಕಲ್ಲ. ಅಪ್ಪಟ ಬೆಳ್ಳಿ ಬಹಳ ಮೆದು, ಅದರಲ್ಲಿ ಕೂರಿಸಿದ ಹರಳು ದಿನಬಳಕೆಯಲ್ಲಿ ಬೇಗ ಸಡಿಲವಾಗುತ್ತದೆ. ಆದ್ದರಿಂದ ಹರಳಿನ ಉಂಗುರಕ್ಕೆ ‘ನೂರಕ್ಕೆ ನೂರು ಬೆಳ್ಳಿ’ ಎಂದು ಹೊಗಳಿದರೆ ಹಿಗ್ಗಬೇಕಿಲ್ಲ, 925 ಕೇಳಿ ಪಡೆಯಿರಿ.

ಉಂಗುರದ ಒಳಮೈಯಲ್ಲಿ ಬರೀ 925 ಎಂದು ಒತ್ತಿದ್ದರೆ ಅದು ಮಾಡಿದವರ ಮಾತು ಮಾತ್ರ. ಬಿಐಎಸ್ ಹಾಲ್‌ಮಾರ್ಕ್ ಬೇರೆ. ಚಿನ್ನದ ಹಾಗೆ ಬೆಳ್ಳಿಗೆ ಅದು ಕಡ್ಡಾಯವಿಲ್ಲ, ಆದರೆ 2025ರ ಸೆಪ್ಟೆಂಬರ್ 1ರಿಂದ ಹಾಲ್‌ಮಾರ್ಕ್ ಆದ ಬೆಳ್ಳಿಗೂ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಬಂದಿದೆ. ಫೋನಿನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ವಿವರ ಸಿಗುತ್ತದೆ. ಹಾಸನದಲ್ಲಿ ಕೊಳ್ಳುವಾಗ ಇದನ್ನು ಧೈರ್ಯವಾಗಿ ಕೇಳಿ. ಊರಿನ ಆಚಾರರ ಹತ್ತಿರ ಮಾಡಿಸುವುದಾದರೆ ಹಾಲ್‌ಮಾರ್ಕ್ ಸಿಗದೇ ಇರಬಹುದು. ಅಲ್ಲಿ ನಂಬಿಕೆಯೇ ಆಧಾರ, ಅದೇನೂ ಕಡಿಮೆಯದಲ್ಲ. ಜಾತ್ರೆಯಲ್ಲಿ ಸಿಗುವ ‘ಜರ್ಮನ್ ಸಿಲ್ವರ್’ ಮಾತ್ರ ಬೇಡ. ಅದರಲ್ಲಿ ಬೆಳ್ಳಿಯೇ ಇರುವುದಿಲ್ಲ. ತಾಮ್ರ, ಸತು, ನಿಕ್ಕಲ್ ಸೇರಿದ ಲೋಹ ಅದು, ನಿಕ್ಕಲ್ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ.

ಯಾವ ಹರಳು ಎಂದು ಕೇಳಿದ್ದೀರಿ. ಮಗಳ ರಾಶಿ ಯಾವುದು ಎಂದು ಅಂಗಡಿಯಲ್ಲಿ ಕೇಳುತ್ತಾರೆ. ನಾನು ಕೇಳುವುದು, ಅವಳ ಕೈ ಏನು ಕೆಲಸ ಮಾಡುತ್ತದೆ ಎಂದು. ಮಣ್ಣಿನಲ್ಲಿ, ಗಾಳಿಯ ದೂಳಿನಲ್ಲಿ, ಕಣದಲ್ಲಿ ಎಲ್ಲೆಲ್ಲೂ ಬೆಣಚುಕಲ್ಲಿನ ಕಣಗಳಿರುತ್ತವೆ. ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ಬೆಣಚಿಗೆ 7. ಅದಕ್ಕಿಂತ ಮೆದುವಾದ ಹರಳೆಲ್ಲ ತೋಟದ ಕೈಯಲ್ಲಿ ಬೇಗ ಮಂಕಾಗುತ್ತದೆ. ಮುತ್ತು ಎರಡೂವರೆಯ ಆಸುಪಾಸು, ಹವಳ ಮೂರರಿಂದ ನಾಲ್ಕು, ಚಂದ್ರಕಾಂತ ಆರು. ಇವು ಮದುವೆ-ಮುಂಜಿಗೆ ಹಾಕಿಕೊಂಡು ಹೋಗುವ ಉಂಗುರಕ್ಕೆ ಸರಿ. ಪಚ್ಚೆ ಏಳೂವರೆ ದಾಟಿದರೂ ಒಳಗೆ ಬಿರುಕುಗಳಿರುತ್ತವೆ, ಅವನ್ನು ಎಣ್ಣೆ ತುಂಬಿ ಮರೆಮಾಡಿರುತ್ತಾರೆ. ಸೋಪು, ಬಿಸಿನೀರಿಗೆ ಆ ಎಣ್ಣೆ ಹೊರಬಂದರೆ ಬಿರುಕು ಕಣ್ಣಿಗೆ ಬೀಳುತ್ತದೆ. ಮಾಣಿಕ್ಯ ಮತ್ತು ನೀಲ 9. ಎರಡೂ ಕುರುಂದ ಎಂಬ ಒಂದೇ ಖನಿಜದ ಬಣ್ಣಗಳು, ಕೆಂಪಿಗೆ ಕಾರಣ ಕ್ರೋಮಿಯಂ.

ಕುರುಂದ ನಿಮ್ಮ ಜಿಲ್ಲೆಗೆ ಹೊರಗಿನದಲ್ಲ. ಹೊಳೆನರಸೀಪುರದ ಕಡೆಯ ಹಳೆಯ ಶಿಲಾಪಟ್ಟಿಯಲ್ಲಿ ಅದು ಸಿಗುತ್ತದೆ. ಮೈಸೂರು ಸೀಮೆಯಲ್ಲಿ ಸಿಗುವ ಕಂದುಗೆಂಪಿನ ನಕ್ಷತ್ರ ಮಾಣಿಕ್ಯ ಹೊರದೇಶಗಳಲ್ಲೂ ಹೆಸರಾಗಿದೆ. ಇದು ಬೆಳಕು ದಾಟಿಸುವ ಹರಳಲ್ಲ, ಮಬ್ಬು ಮಬ್ಬಾಗಿರುತ್ತದೆ. ಆದ್ದರಿಂದ ಮುಖ ಮುಖವಾಗಿ ಕೊಯ್ಯದೆ ಗುಮ್ಮಟದಂತೆ ದುಂಡಗೆ ಉಜ್ಜುತ್ತಾರೆ. ಅಂಗಡಿಯ ಟ್ಯೂಬ್‌ಲೈಟುಗಳ ಕೆಳಗೆ ನೋಡಿದರೆ ಸುಮ್ಮನೆ ಒಂದು ಕಂದು ಕಲ್ಲು. ಹೊರಗೆ ಬಿಸಿಲಿಗೆ ತನ್ನಿ, ಇಲ್ಲವೆ ಫೋನಿನ ಟಾರ್ಚನ್ನು ನೆತ್ತಿಯ ಮೇಲಿಂದ ಹಿಡಿಯಿರಿ. ಆರು ಕಿರಣಗಳ ಬೆಳ್ಳನೆಯ ನಕ್ಷತ್ರ ಮೇಲ್ಮೈಯಲ್ಲಿ ಎದ್ದು, ಕೈ ಓರೆಮಾಡಿದಂತೆಲ್ಲ ಜಾರುತ್ತದೆ. ಕಲ್ಲಿನೊಳಗೆ ಮೂರು ದಿಕ್ಕಿಗೆ ಸಾಲುಗಟ್ಟಿ ಮಲಗಿರುವ ರೂಟೈಲ್ ಎಂಬ ಖನಿಜದ ಸೂಕ್ಷ್ಮ ಸೂಜಿಗಳಿಂದ ಬೆಳಕು ಮರಳುವುದರಿಂದ ಹೀಗಾಗುತ್ತದೆ. ನಕ್ಷತ್ರ ನಡುವಿನಿಂದ ತುಸು ಸರಿದಿದ್ದರೆ, ಒಂದೆರಡು ಕಿರಣ ಮಸುಕಾಗಿದ್ದರೆ ಬೇಸರಪಡಬೇಡಿ, ನೆಲದಿಂದ ಬಂದ ಕಲ್ಲು ಹಾಗೇ ಇರುತ್ತದೆ. ಗೆರೆ ಎಳೆದಷ್ಟು ನೇರವಾದ, ಎಲ್ಲೂ ಕುಂದಿಲ್ಲದ ನಕ್ಷತ್ರವಿದ್ದರೆ ಅದು ಕಾರ್ಖಾನೆಯಲ್ಲಿ ಬೆಳೆಸಿದ್ದೇ ಎಂದು ಕೇಳಿ.

ನಿಮ್ಮ ಮಗಳಿಗೆ ನಾನು ಹೇಳುವುದು ಈ ನಕ್ಷತ್ರ ಮಾಣಿಕ್ಯವನ್ನೇ. ಮೂಲೆಗಳಿಲ್ಲದ್ದರಿಂದ ಮುಕ್ಕಾಗುವ ಭಯ ಕಡಿಮೆ, ದೂಳಿಗೆ ಗೀರುಬೀಳುವುದಿಲ್ಲ, ಹೊಳಪಿನ ಮಾಣಿಕ್ಯಕ್ಕೆ ಹೋಲಿಸಿದರೆ ಬೆಲೆಯೂ ಕೈಗೆಟುಕುವಂಥದ್ದು.

ಹೊಳೆಯುವ ಮಾಣಿಕ್ಯವೇ ಬೇಕೆಂದು ಮಗಳು ಹಟ ಹಿಡಿದರೆ ಕಾರ್ಖಾನೆಯ ಮಾಣಿಕ್ಯ ಕೊಡಿಸಿ. ಫ್ರಾನ್ಸಿನ ಆಗಸ್ಟ್ ವರ್ನೊಯ್ 1902ರಲ್ಲಿ ಅದರ ವಿಧಾನವನ್ನು ಪ್ರಕಟಿಸಿದರು. ಅಂದಿನಿಂದ ಅದು ಅಗ್ಗ. ಗಡಸುತನ, ಬಣ್ಣ, ರಾಸಾಯನಿಕ ಎಲ್ಲ ಅಸಲಿಯಂತೆಯೇ. ಕಾರ್ಖಾನೆಯದ್ದೇ ಎಂದು ಹೇಳಿ ಮಾರಿದರೆ ಅದರಲ್ಲಿ ತಪ್ಪಿಲ್ಲ. ಹೆದರಬೇಕಾದ್ದು ಬಿರುಕುಗಳಿಗೆ ಸೀಸದ ಗಾಜು ತುಂಬಿದ ಅಗ್ಗದ ಮಾಣಿಕ್ಯಕ್ಕೆ. ನಿಂಬೆರಸಕ್ಕೂ ಆ ಗಾಜು ಕೆಡುತ್ತದೆ, ಬೆಸುಗೆಯ ಶಾಖಕ್ಕಂತೂ ನಿಲ್ಲುವುದೇ ಇಲ್ಲ.

ಹರಳಿಗಿಂತ ಹೆಚ್ಚು ಗಮನ ಕೊಡಬೇಕಾದ್ದು ಅದನ್ನು ಹೇಗೆ ಕೂರಿಸಿದ್ದಾರೆ ಎನ್ನುವುದಕ್ಕೆ. ಉಗುರಿನಂಥ ನಾಲ್ಕು ಕೊಕ್ಕೆಗಳು ಹಿಡಿದಿರುವ ಹರಳು ಅಂಗಡಿಯಲ್ಲಿ ಚೆನ್ನಾಗಿ ಮಿನುಗುತ್ತದೆ. ತೋಟದಲ್ಲಿ ಅದು ಸ್ವೆಟರಿಗೆ, ಗೋಣಿಚೀಲದ ನಾರಿಗೆ, ಕಾಫಿಯ ರೆಕ್ಕೆಗೆ ಸಿಕ್ಕಿ ಮೇಲೇಳುತ್ತದೆ. ಒಂದು ಕೊಕ್ಕೆ ಎದ್ದರೆ ಹರಳು ಯಾವ ಸಾಲಿನಲ್ಲಿ ಬಿತ್ತೋ ಹುಡುಕುವವರಾರು? ಹರಳಿನ ಸುತ್ತ ಪೂರ್ತಿ ಬೆಳ್ಳಿಯ ಅಂಚು ಕಟ್ಟಿ ಮೇಲಕ್ಕೆ ಬಾಗಿಸಿದ ಉಂಗುರ ಮಾಡಿಸಿ. ಕೊಳ್ಳುವ ಮುಂಚೆ ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ. ಸಣ್ಣಗೆ ಗಿಲಗಿಲ ಅಂದರೆ ಹರಳು ಸಡಿಲ ಇದೆ, ವಾಪಸು ಕೊಡಿ.

ಅಳತೆಯನ್ನು ಬೆಳಗಿನ ಚಳಿಯಲ್ಲಿ ಕೊಡಬೇಡಿ, ಆಗ ಬೆರಳು ಸೊರಗಿರುತ್ತದೆ. ಸಂಜೆ ಕೊಡಿ, ಗೆಣ್ಣನ್ನು ತುಸು ಕಷ್ಟಪಟ್ಟು ದಾಟುವಂತಿರಲಿ. ಹರಳು ಕೂರಿಸಿದ ಮೇಲೆ ಅಳತೆ ತಿದ್ದಲು ಬೆಂಕಿ ತಾಗಿಸಬೇಕಾಗುತ್ತದೆ, ಹರಳಿಗೆ ಅದು ಒಳ್ಳೆಯದಲ್ಲ. ಮಗಳಿಗೆ ಕಟ್ಟುನಿಟ್ಟಾಗಿ ಹೇಳಬೇಕಾದ ಮಾತು ಇನ್ನೊಂದಿದೆ. ಪಲ್ಪರ್, ಕಳೆ ಕೊಚ್ಚುವ ಮಿಷನ್, ಜನರೇಟರ್ ಮುಟ್ಟುವಾಗ, ಲಾರಿಯಿಂದ ಜಿಗಿಯುವಾಗ ಬೆರಳಲ್ಲಿ ಉಂಗುರ ಇರಲೇಬಾರದು. ಉಂಗುರ ಸಿಕ್ಕಿಕೊಂಡರೆ ಬೆರಳಿನ ಚರ್ಮವನ್ನೇ ಸುಲಿದುಕೊಂಡು ಹೋಗುತ್ತದೆ.

ಮಲೆನಾಡಿನ ಮಳೆಗಾಲದಲ್ಲಿ ಬೆಳ್ಳಿ ಕಪ್ಪಾಗುವುದು ಬೆಳ್ಳಿಯ ದೋಷವಲ್ಲ. ಗಾಳಿಯಲ್ಲಿರುವ ಗಂಧಕದ ಅಂಶ ತೇವದ ಜೊತೆ ಸೇರಿ ಮೇಲ್ಮೈಯಲ್ಲಿ ಸಿಲ್ವರ್ ಸಲ್ಫೈಡ್ ಎಂಬ ಕಪ್ಪು ಪದರ ಕಟ್ಟುತ್ತದೆ. ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ, ತೋಟಕ್ಕೆ ಹೊಡೆಯುವ ಗಂಧಕದ ಪುಡಿ, ಉಣ್ಣೆ ಬಟ್ಟೆ ಎಲ್ಲವೂ ಇದನ್ನು ಹೆಚ್ಚಿಸುತ್ತವೆ. ಪೊಟ್ಟಣಕ್ಕೆ ಸುತ್ತುವ ರಬ್ಬರ್ ಬ್ಯಾಂಡಿನಲ್ಲೂ ಗಂಧಕ ಇರುತ್ತದೆ, ಬೆಳ್ಳಿಯ ಹತ್ತಿರ ಅದನ್ನು ಇಡಬೇಡಿ. ದಿನವೂ ತೊಟ್ಟ ಉಂಗುರ ಕಪ್ಪಾಗುವುದು ಕಡಿಮೆ, ಚರ್ಮ-ಬಟ್ಟೆಗಳ ಉಜ್ಜಾಟವೇ ಅದನ್ನು ಬೆಳಗುತ್ತಿರುತ್ತದೆ. ತೆಗೆದಿಡುವಾಗ ಒರೆಸಿ, ಗಾಳಿಯಾಡದ ಸಣ್ಣ ಜಿಪ್ ಕವರಿನಲ್ಲಿ ಮಾತ್ರೆ ಡಬ್ಬಿಯ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಮುತ್ತಿನದನ್ನು ಹೀಗೆ ಒಣಗಿಸಬೇಡಿ, ಮುತ್ತಿಗೆ ತುಸು ತೇವ ಬೇಕು, ಬಟ್ಟೆಯಲ್ಲಿ ಸುತ್ತಿಟ್ಟರೆ ಸಾಕು.

ತೊಳೆಯಲು ಉಗುರುಬೆಚ್ಚಗಿನ ನೀರು, ಒಂದೆರಡು ಹನಿ ಶಾಂಪೂ, ಮಕ್ಕಳ ಮೆತ್ತನೆಯ ಬ್ರಷ್. ಹರಳಿನ ಹಿಂಬದಿಗೆ ಬ್ರಷ್ ಆಡಿಸಿ, ಸೋಪಿನ ಜಿಡ್ಡು ಕೂರುವುದು ಅಲ್ಲೇ. ಹಲ್ಲುಪುಡಿ, ಟೂತ್‌ಪೇಸ್ಟ್ ಬೇಡ, ಬೆಳ್ಳಿಗೆ ಗೀರು ಬೀಳುತ್ತದೆ. ಅಲ್ಯೂಮಿನಿಯಂ ಹಾಳೆ, ಅಡಿಗೆ ಸೋಡಾ, ಬಿಸಿನೀರಿನ ಉಪಾಯ ಕಪ್ಪನ್ನು ಮತ್ತೆ ಬೆಳ್ಳಿಯಾಗಿಸುತ್ತದೆ ನಿಜ. ಅದನ್ನು ನಿಮ್ಮ ದೀಪ, ಕುಂಕುಮದ ಬಟ್ಟಲಿಗೆ ಮಾಡಿ, ಹರಳಿದ್ದ ಒಡವೆಗೆ ಬೇಡ.

ಉಳಿದದ್ದು ಸುಬ್ರಹ್ಮಣ್ಯದ ಕೆಂಪು ಹರಳು. ಆ ಕಡೆಯ ಸುಳ್ಯ ಸೀಮೆಯ ಕೂಜಿಮಲೆಯ ಕಾಡಿನಲ್ಲಿ ಹರಳುಕಲ್ಲನ್ನು ಅಕ್ರಮವಾಗಿ ಅಗೆಯುವ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಕೆಂಪಗಿದ್ದ ಮಾತ್ರಕ್ಕೆ ಅದು ಮಾಣಿಕ್ಯವಲ್ಲ, ಗಾರ್ನೆಟ್ ಕೂಡ ಹಾಗೇ ಕಾಣುತ್ತದೆ. ನಮ್ಮ ನವರತ್ನದ ಗೋಮೇಧಿಕವೂ ಗಾರ್ನೆಟ್ ವಂಶದ್ದೇ. ಕಡುಗೆಂಪು ಗಾರ್ನೆಟ್‌ನಲ್ಲಿ ಕಬ್ಬಿಣ ಹೆಚ್ಚು. ಬಿಡಿ ಹರಳನ್ನು ತೆಳು ಥರ್ಮೋಕೋಲ್ ತುಂಡಿನ ಮೇಲಿಟ್ಟು ನೀರಲ್ಲಿ ತೇಲಿಬಿಟ್ಟು, ಬಲವಾದ ನಿಯೋಡಿಮಿಯಂ ಅಯಸ್ಕಾಂತ ಹತ್ತಿರ ತಂದರೆ ಗಾರ್ನೆಟ್ ಅದರತ್ತ ಸರಿಯುತ್ತದೆ, ಮಾಣಿಕ್ಯ ಅಲುಗಾಡುವುದಿಲ್ಲ. ಆದರೆ ಪರೀಕ್ಷೆಯವರೆಗೆ ಹೋಗಲೇಬೇಡಿ. ಕಾಯ್ದಿಟ್ಟ ಅರಣ್ಯದಿಂದ ಕಲ್ಲು ತೆಗೆಯುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಕೂಜಿಮಲೆಯ ಆ ಇಳಿಜಾರುಗಳನ್ನು ಹರಳಿಗಾಗಿ ಬಗೆದರೆ ಕಾಡು ಮತ್ತೆ ಕೂಡಿಕೊಳ್ಳಲು ತಲೆಮಾರುಗಳೇ ಬೇಕು. ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಿ. ಬಿಲ್ಲಿನಲ್ಲಿ ಬೆಳ್ಳಿಯ ಶುದ್ಧತೆ, ಹರಳು ಬಿಟ್ಟು ಬೆಳ್ಳಿಯ ತೂಕ, ಮಜೂರಿ, ಹರಳಿನ ಹೆಸರು, ಅದು ನೆಲದ್ದೋ ಕಾರ್ಖಾನೆಯದ್ದೋ ಇಷ್ಟನ್ನೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ.