ಹಿತ್ತಲಿಗೆ ಬಚ್ಚಲ ನೀರು

ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭಾ ನದಿಗೆ ಕಟ್ಟಿದ ರಾಜಾ ಲಖಮಗೌಡ ಜಲಾಶಯದಲ್ಲಿ ಸುಮಾರು 51 ಟಿ.ಎಂ.ಸಿ. ನೀರು ನಿಲ್ಲುತ್ತದೆ. ಅದರ ಕೆಳಗೆ ಧೂಪದಾಳದ ಒಡ್ಡು, ಕಾಲುವೆಗಳು, ಮುಂದೆ ಗೋಕಾಕದ ಜಲಪಾತ. ಇಷ್ಟು ನೀರಿರುವ ಸೀಮೆಯಲ್ಲಿ ಹಿತ್ತಲಿನ ಕೊಡ ನೀರಿನ ಲೆಕ್ಕವೇಕೆ ಎಂದು ಕೇಳುವವರಿದ್ದಾರೆ. ಕಾಲುವೆಯ ನೀರು ಸರದಿಯಂತೆ ಹೊಲಕ್ಕೆ ಹರಿಯುವುದೇ ಹೊರತು ಮನೆಯ ಬಚ್ಚಲಿಗೆ ಬರುವುದಿಲ್ಲ. ಹುಕ್ಕೇರಿಯ ಪಶ್ಚಿಮ ಭಾಗಕ್ಕೆ ಸಹ್ಯಾದ್ರಿ ಹತ್ತಿರವಿರುವುದರಿಂದ ಮಳೆ ತಕ್ಕಮಟ್ಟಿಗೆ ಆಗುತ್ತದೆ; ಗೋಕಾಕ, ಮೂಡಲಗಿಯ ಕಡೆಗೆ ಸರಿದಂತೆ ಅದು ಕಡಿಮೆಯಾಗುತ್ತದೆ. 2019ರ ಆಗಸ್ಟ್‌ನಲ್ಲಿ ಗೋಕಾಕ ಪಟ್ಟಣಕ್ಕೆ ಹೊಳೆ ನುಗ್ಗಿದ್ದು ನಿಜ. ಆದರೆ ಆ ನೀರು ಏಪ್ರಿಲ್ ತಿಂಗಳ ಬದನೆ ಗಿಡಕ್ಕೆ ಉಳಿಯುವುದಿಲ್ಲ.

ಜಲಜೀವನ್ ಯೋಜನೆಯಲ್ಲಿ ತಲೆಗೆ ದಿನಕ್ಕೆ 55 ಲೀಟರ್ ನೀರಿನ ಗುರಿ ಇಡಲಾಗಿದೆ. ಐದು ಜನರ ಮನೆಗೆ ಇದು 275 ಲೀಟರ್ ಆಗುತ್ತದೆ. ಇದರಲ್ಲಿ ಮೈ ತೊಳೆದ, ಕಾಳು-ಕಾಯಿಪಲ್ಲೆ ತೊಳೆದ, ಬಟ್ಟೆ ಜಾಲಾಡಿಸಿದ ನೀರು 100 ಲೀಟರ್ ಆದರೂ ಸಿಗುತ್ತದೆ ಎಂದು ಹಿಡಿಯೋಣ. ಕಡುಬೇಸಿಗೆಯಲ್ಲಿ ಒಂದು ಚದರ ಮೀಟರ್ ಕೈತೋಟಕ್ಕೆ ದಿನಕ್ಕೆ 6-7 ಲೀಟರ್ ಬೇಕು. ಅಂದರೆ ಬೀದಿಯ ಗಟಾರಕ್ಕೆ ಹೋಗುವ ನೀರಿನಲ್ಲಿಯೇ ಸುಮಾರು 15 ಚದರ ಮೀಟರ್ ಹಿತ್ತಲು ಹಸಿರಾಗಿ ನಿಲ್ಲುತ್ತದೆ.

ಆದರೆ ಎಲ್ಲ ಬಚ್ಚಲ ನೀರೂ ಒಂದೇ ಅಲ್ಲ. ಈ ಮಾತನ್ನು ಎರೆ ಭೂಮಿಯ ರೈತ ಬಾಂಧವರು ಮುಖ್ಯವಾಗಿ ಗಮನಿಸಬೇಕು. ಬಟ್ಟೆ ಸೋಪಿನ ಪುಡಿ ಮತ್ತು ವಾಷಿಂಗ್ ಸೋಡಾದಲ್ಲಿ ಸೋಡಿಯಂ ಇರುತ್ತದೆ. ಅದು ಎರೆ ಮಣ್ಣಿನ ಕಣಗಳಿಗೆ ಅಂಟಿಕೊಂಡಿತೆಂದರೆ ಮಣ್ಣಿನ ಹೆಂಟೆ-ಹರಳುಗಳ ರಚನೆ ಒಡೆಯುತ್ತದೆ. ಹಸಿಯಾದಾಗ ರಾಡಿ, ಒಣಗಿದಾಗ ಕಲ್ಲು. ನೀರು ಇಂಗುವುದಿಲ್ಲ, ಬೇರಿಗೆ ಗಾಳಿ ಆಡುವುದಿಲ್ಲ. ಹೆಚ್ಚು ನೀರು ಹಾಯಿಸಿದ ಕಬ್ಬಿನ ಹೊಲಗಳು ಸವಳು-ಜವಳು ಆದದ್ದನ್ನು ಈ ಭಾಗದವರು ಕಂಡವರೇ. ಅದೇ ಕೇಡನ್ನು ಹಿತ್ತಲಿಗೂ ತಂದುಕೊಳ್ಳುವುದು ಬೇಡ. ಆದುದರಿಂದ ಬಟ್ಟೆ ನೆನೆಸಿದ ಮೊದಲ ನೊರೆ ನೀರನ್ನು ಬೇರೆ ಕಡೆಗೆ ಬಿಟ್ಟು, ಜಾಲಾಡಿಸಿದ ನೀರನ್ನು ಮಾತ್ರ ಗಿಡಗಳಿಗೆ ತಿರುಗಿಸಬೇಕು. ಮಳೆಗಾಲದಲ್ಲಿ ಒಳ್ಳೆಯ ಮಳೆ ಬಿದ್ದು ಮಣ್ಣು ಚೆನ್ನಾಗಿ ತೊಳೆದುಹೋಗಲು ಅವಕಾಶವಿರಲಿ. ಸಗಣಿಗೊಬ್ಬರ ಕೈಬಿಡಬಾರದು.

ಬಚ್ಚಲ ಬಾಯಿಯಲ್ಲಿ ಎರಡು ಅಡಿ ಆಳ, ಎರಡು ಅಡಿ ಅಗಲದ ಗುಂಡಿ ತೆಗೆದು, ತಳಕ್ಕೆ ದಪ್ಪ ಕಲ್ಲು, ನಡುವೆ ಜಲ್ಲಿ, ಮೇಲೆ ಮರಳು ತುಂಬಿದರೆ ಜಿಡ್ಡು, ಕೂದಲು ತಡೆಯುತ್ತವೆ. ಮೇಲಿನ ಮರಳನ್ನು ಆಗಾಗ ತೆಗೆದು ತೊಳೆಯಬೇಕು. ಇದನ್ನು ಮರೆತು ಗುಂಡಿ ನಾರುತ್ತದೆ ಎಂದು ದೂರುವುದು ವಾಡಿಕೆ. ನೀರನ್ನು ಒಂದು ದಿನಕ್ಕಿಂತ ಹೆಚ್ಚು ನಿಲ್ಲಿಸಬಾರದು, ಸೊಳ್ಳೆಯಾಗುತ್ತವೆ. ಗುಂಡಿಯು ಕುಡಿಯುವ ನೀರಿನ ಬಾವಿಯಿಂದ ದೂರವಿರಲಿ. ಈ ನೀರು ಬಾಳೆ, ನುಗ್ಗೆ, ತೆಂಗು, ದಾಸವಾಳಗಳ ಬುಡಕ್ಕೆ ಹೊಂದುತ್ತದೆ. ಹಸಿಯಾಗಿ ತಿನ್ನುವ ಮೂಲಂಗಿ, ಕೊತ್ತಂಬರಿ, ಮೆಂತೆಗೆ ಇದನ್ನು ಹಾಕಕೂಡದು.

ಹಾಕಿದ ನೀರು ಉಳಿಯುವುದು ಹೇಗೆ?

ಬೇಸಿಗೆಯಲ್ಲಿ ಎರೆ ಭೂಮಿ ಬಿರಿಯುತ್ತದೆ. ಆ ಬಿರುಕಿನಿಂದ ಒಳಗಿನ ಹಸಿಯೂ ಆರುತ್ತದೆ. ಮೇಲ್ಮಣ್ಣನ್ನು ಕುರ್ಪಿಯಿಂದ ತೆಳುವಾಗಿ ಕೆದರಿ ಬಿರುಕು ಮುಚ್ಚಿ, ಮೂರು-ನಾಲ್ಕು ಅಂಗುಲ ದಪ್ಪ ಕಬ್ಬಿನ ರವದಿ ಹೊದಿಸಬೇಕು. ಹೊಲದಲ್ಲಿ ಸುಟ್ಟುಹಾಕುವ ರವದಿಗೆ ಇದಕ್ಕಿಂತ ಒಳ್ಳೆಯ ಉಪಯೋಗವಿಲ್ಲ. ಗೆದ್ದಲು ಹತ್ತದಂತೆ ಕಾಂಡದಿಂದ ಒಂದು ಗೇಣು ದೂರವಿಡಬೇಕು.

ನಿಂಬೆ, ಕರಿಬೇವಿನ ಎಳೆ ಗಿಡಗಳ ಪಕ್ಕದಲ್ಲಿ ಕುಂಬಾರರ ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಹೂಳಿ, ನೀರು ತುಂಬಿ ಬಾಯಿ ಮುಚ್ಚಿದರೆ ಅದು ಬೇರಿನ ಹತ್ತಿರ ತಾನಾಗಿ ಜಿನುಗುತ್ತದೆ. ಗಡಿಗೆಯ ಸುತ್ತ ಮಣ್ಣು, ಮರಳು, ಗೊಬ್ಬರ ಕೂಡಿಸಿ ತುಂಬಬೇಕು. ಬರಿಯ ಎರೆ ಮಣ್ಣಾದರೆ ಒಣಗಿ ಗಡಿಗೆಯಿಂದ ಬಿಟ್ಟುಕೊಳ್ಳುತ್ತದೆ. ಇದಕ್ಕೆ ಸಾಬೂನಿನ ನೀರು ಸಲ್ಲದು, ರಂಧ್ರ ಕಟ್ಟುತ್ತವೆ.

ಮೃಗಶಿರಾ ಮಳೆಗೆ ಮೊದಲೇ ಮಾಡುವ ಕೆಲಸ ಇನ್ನೊಂದಿದೆ. 40 ಚದರ ಮೀಟರ್ ಹಂಚಿನ ಇಲ್ಲವೆ ಪತ್ರಾಸಿನ ಮಾಡಿನ ಮೇಲೆ 10 ಮಿ.ಮೀ. ಮಳೆ ಬಿದ್ದರೆ 400 ಲೀಟರ್. ಚೆಲ್ಲಿಹೋದದ್ದು ಕಳೆದು 320 ಲೀಟರ್ ಕೈಗೆ ಸಿಗುತ್ತದೆ. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಮುಚ್ಚಿದ ತೊಟ್ಟಿಗೆ ಇಳಿಸಬೇಕು. ಮಣ್ಣಿನ ಮಾಳಿಗೆಯ ನೀರು ಶೇಖರಣೆಗೆ ತಕ್ಕುದಲ್ಲ. ಅದನ್ನು ನೇರವಾಗಿ ಗಿಡಗಳ ಪಾತಿಗೆ ಬಿಡಬಹುದು.

ನಳದ ಸೋರಿಕೆಯನ್ನು ಅಳೆಯಲು ಒಂದು ಲೀಟರಿನ ಚೆರಿಗೆ ಸಾಕು. ಒಂದು ತಾಸಿಗೆ ಅದು ತುಂಬಿದರೆ ದಿನಕ್ಕೆ 24 ಲೀಟರ್ ಸೋರಿತೆಂದು ಲೆಕ್ಕ. ಅಷ್ಟರಲ್ಲಿ ನಾಲ್ಕು ಚದರ ಮೀಟರ್ ಬದನೆಯ ಮಡಿ ಬೆಳೆಯುತ್ತದೆ. ನಳದ ವಾಷರ್ ಗೋಕಾಕ, ಸಂಕೇಶ್ವರ, ಮೂಡಲಗಿಯ ಸಂತೆ ಪೇಟೆಗಳಲ್ಲಿ ಅಲ್ಪ ಬೆಲೆಗೆ ದೊರೆಯುತ್ತದೆ.